ನೂರೆಂಟು ಗಿಲ್ಡರಿನ ಆಸೆಗಳು



ಜಗತ್ತಿನಲ್ಲಿ ಅತಿ ಹೆಚ್ಚು ಜನ ಓದಿರುವ ದಿನಚರಿಗಳಲ್ಲೊಂದು ಹುಟ್ಟುಹಬ್ಬದ ಉಡುಗೊರೆಗಳ ಪಟ್ಟಿಯಿಂದ ಆರಂಭವಾಗುತ್ತದೆ. 1942ರ ಜೂನ್ 12ರಂದು ಆಮ್‌ಸ್ಟರ್‌ಡಾಮ್ ನಗರದ ಹುಡುಗಿಯೊಬ್ಬಳಿಗೆ ಹದಿಮೂರು ವರ್ಷ ತುಂಬಿತು. ಬೆಳಿಗ್ಗೆ ಆರಕ್ಕೇ ಎಚ್ಚರವಾದರೂ ಆರೂ ಮುಕ್ಕಾಲರವರೆಗೆ ಕುತೂಹಲ ತಡೆದುಕೊಂಡಳು. ಆಮೇಲೆ ಒಂದೊಂದೇ ಪೊಟ್ಟಣ ಬಿಚ್ಚಿದಳು. ನೀಲಿ ಮೇಲಂಗಿ, ಒಂದು ಆಟದ ಸೆಟ್ಟು, ದ್ರಾಕ್ಷಿರಸದ ಬಾಟಲಿ, ಕೋಲ್ಡ್ ಕ್ರೀಮಿನ ಡಬ್ಬಿ, ಎರಡೂವರೆ ಗಿಲ್ಡರ್ ನಗದು, ಪುಸ್ತಕ ಕೊಳ್ಳಲು ಒಂದು ಚೀಟಿ, ಅಮ್ಮ ಮಾಡಿದ ಸ್ಟ್ರಾಬೆರಿ ಟಾರ್ಟ್. ಇವೆಲ್ಲದರ ಜೊತೆಗೆ ಕೆಂಪು-ಬಿಳಿ ಚೌಕಳಿ ಬಟ್ಟೆಯ ರಟ್ಟಿದ್ದ ಒಂದು ಖಾಲಿ ಪುಸ್ತಕ. ಅದು ಗೆಳತಿಯರಿಂದ ಹಸ್ತಾಕ್ಷರ ಹಾಕಿಸಿಕೊಳ್ಳಲು ಮಾಡಿದ್ದು. ಅವಳು ಅದನ್ನು ದಿನಚರಿ ಮಾಡಿಕೊಂಡಳು.

ಈ ಹುಡುಗಿ ಆನ್ ಫ್ರಾಂಕ್. ಹೆಸರು ಕೇಳದವರು ಕಡಿಮೆ. ಯಹೂದಿ ಎಂಬ ಒಂದೇ ಕಾರಣಕ್ಕೆ ಎರಡು ವರ್ಷ ಅಡಗಿ ಬದುಕಿ, ಸಿಕ್ಕಿಬಿದ್ದು, ಹದಿನೈದನೆಯ ವಯಸ್ಸಿನಲ್ಲಿ ನಾಜಿ ಶಿಬಿರದಲ್ಲಿ ಸತ್ತವಳು. ಇಂದು ಅವಳ ಹೆಸರಿನಲ್ಲಿ ಶಾಲೆಗಳಿವೆ, ಬೀದಿಗಳಿವೆ, ಅಂಚೆಚೀಟಿಗಳು ಬಂದಿವೆ. ಮನುಷ್ಯರ ಒಳ್ಳೆಯತನದ ಬಗ್ಗೆ 1944ರ ಜುಲೈಯಲ್ಲಿ ಅವಳು ಬರೆದ ಒಂದು ಮಾತು ಭಿತ್ತಿಚಿತ್ರಗಳನ್ನೂ ಶುಭಾಶಯ ಪತ್ರಗಳನ್ನೂ ಏರಿದೆ. ಇದರಿಂದ ಒಂದು ನಷ್ಟವೂ ಆಗಿದೆ. ಹುಡುಗಿ ಹಿಂದೆ ಸರಿದು ಪ್ರತಿಮೆ ಮುಂದೆ ನಿಂತಿದೆ. ಪ್ರತಿಮೆಗೆ ಕಾಲುಚೀಲ ಬೇಕಾಗುವುದಿಲ್ಲ. ಆನ್‌ಗೆ ಬೇಕಾಗಿತ್ತು. ಎಷ್ಟು ಜೊತೆ ಬೇಕು, ಬೆಲೆ ಎಷ್ಟಾಗಬಹುದು ಎಂದೂ ಬರೆದಿಟ್ಟಿದ್ದಾಳೆ. ಓದುಗರು ಬೇಗಬೇಗ ದಾಟಿ ಹೋಗುವ ಅಂಥ ಪುಟಗಳ ಬಗ್ಗೆ, ಅವಳು ಆಸೆಪಟ್ಟ ವಸ್ತುಗಳ ಬಗ್ಗೆ, ಆ ಮನೆಯಲ್ಲಿ ನಡೆದ ಹಬ್ಬಗಳ ಬಗ್ಗೆ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಮೊದಲು ಹಿನ್ನೆಲೆ. ಆನ್ ಹುಟ್ಟಿದ್ದು 1929ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ತಂದೆ ಓಟೋ ಫ್ರಾಂಕ್, ಪತ್ನಿ ಈಡಿತ್ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಹಾಲೆಂಡಿಗೆ ವಲಸೆ ಬಂದರು. ಹಣ್ಣಿನ ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಎಂಬ ಪದಾರ್ಥದ ವ್ಯಾಪಾರ ಅವರದು. 1940ರ ಮೇ 10ರಂದು ಜರ್ಮನ್ ಸೇನೆ ಹಾಲೆಂಡಿಗೂ ನುಗ್ಗಿತು. ಆಮೇಲೆ ಒಂದರ ಹಿಂದೊಂದು ಆಜ್ಞೆಗಳು. ಹುಟ್ಟುಹಬ್ಬವಾಗಿ ಎಂಟು ದಿನಕ್ಕೆ ಆನ್ ಆ ಆಜ್ಞೆಗಳನ್ನೂ ತನ್ನ ಹೊಸ ಪುಸ್ತಕದಲ್ಲಿ ಸಾಲಾಗಿ ಬರೆದಳು. ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕು. ಸೈಕಲ್ ಸರ್ಕಾರಕ್ಕೆ ಒಪ್ಪಿಸಬೇಕು. ಟ್ರಾಮ್ ಹತ್ತಕೂಡದು. ಅಂಗಡಿಗೆ ಹೋಗಬಹುದಾದದ್ದು ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಬೀದಿಗೆ ಬರಕೂಡದು. ನಾಟಕ, ಸಿನಿಮಾ ಇಲ್ಲ. ಈಜುಕೊಳ, ಟೆನಿಸ್ ಅಂಗಳ, ಆಟದ ಮೈದಾನ ಯಾವುದೂ ಇಲ್ಲ. ಎಂಟರ ಮೇಲೆ ಸ್ವಂತ ಮನೆಯ ತೋಟದಲ್ಲೂ ಕೂರುವಂತಿಲ್ಲ. ಮಕ್ಕಳು ಯಹೂದಿ ಶಾಲೆಗೇ ಹೋಗಬೇಕು.

ಹದಿಮೂರರ ಹುಡುಗಿಗೆ ಇವು ರಾಜಕೀಯದ ಸುದ್ದಿಗಳಾಗಿರಲಿಲ್ಲ. 1941ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದ ಅಜ್ಜಿ, ಅತ್ತೆಯ ಮನೆಗೆ ಅವಳು ಬರೆದ ಒಂದು ಕಾಗದ ಉಳಿದಿದೆ. ಬಿಡುವು ಸಿಕ್ಕಾಗಲೆಲ್ಲ ಹಿಮದ ಮೇಲೆ ಜಾರುವ ಸ್ಕೇಟಿಂಗ್ ಅಂಗಳದಲ್ಲೇ ಇರುತ್ತೇನೆಂದು ಅದರಲ್ಲಿ ಹೇಳಿಕೊಂಡಿದ್ದಾಳೆ. ಕಾಲಿಗಿದ್ದದ್ದು ಅಕ್ಕ ಮಾರ್ಗೋಳ ಹಳೆಯ ಸ್ಕೇಟುಗಳು, ಬೂಟಿಗೆ ತಿರುಪಿನಿಂದ ಬಿಗಿಯಬೇಕಾದವು. ಗೆಳತಿಯರದು ಒಳ್ಳೆಯ ಸ್ಕೇಟುಗಳು. ಆಜ್ಞೆ ಬಂದ ಮೇಲೆ ಅಂಗಳವೇ ಇಲ್ಲವಾಯಿತು. ಸಿನಿಮಾಕ್ಕೆ ಹೋಗುವಂತಿಲ್ಲದ್ದರಿಂದ ಓಟೋ ಫ್ರಾಂಕ್ ಮನೆಗೇ ಪ್ರೊಜೆಕ್ಟರ್ ತರಿಸಿದರು. ಹದಿಮೂರನೆಯ ಹುಟ್ಟುಹಬ್ಬದ ಕೂಟದಲ್ಲಿ ಸಹಪಾಠಿಗಳೆಲ್ಲ ಮನೆಯ ಗೋಡೆಯ ಮೇಲೆ ರಿನ್ ಟಿನ್ ಟಿನ್ ಎಂಬ ನಾಯಿಯ ಚಿತ್ರ ನೋಡಿದರು. ಅವಳು ಹೊರಗೆ ಆಚರಿಸಿದ ಕೊನೆಯ ಹುಟ್ಟುಹಬ್ಬ ಅದು.

ಮೂರು ವಾರ ಕಳೆಯಿತು. ಜುಲೈ 5ರಂದು, ಭಾನುವಾರ, ಹದಿನಾರರ ಮಾರ್ಗೋಳಿಗೆ ಜರ್ಮನಿಯ ದುಡಿಮೆ ಶಿಬಿರಕ್ಕೆ ಹಾಜರಾಗಬೇಕೆಂಬ ಕರೆ ಬಂತು. ಮರುದಿನ ಬೆಳಿಗ್ಗೆಯೇ ಕುಟುಂಬ ಮನೆ ಬಿಟ್ಟಿತು. ಸೂಟ್‌ಕೇಸ್ ಹಿಡಿದು ನಡೆದರೆ ಸಂಶಯ ಬರುತ್ತದೆ. ಆದ್ದರಿಂದ ಆನ್ ಬೇಸಿಗೆಯಲ್ಲೂ ಒಂದರ ಮೇಲೊಂದು ಬಟ್ಟೆ ತೊಟ್ಟಳು. ಎರಡು ಒಳಅಂಗಿ, ಮೂರು ಚಡ್ಡಿ, ಫ್ರಾಕು, ಅದರ ಮೇಲೆ ಲಂಗ, ಜಾಕೆಟ್, ರೇನ್‌ಕೋಟ್, ಎರಡು ಜೊತೆ ಕಾಲುಚೀಲ, ಟೋಪಿ, ಕೊರಳಿಗೆ ಸ್ಕಾರ್ಫು. ಚೀಲದೊಳಗೆ ಮೊದಲು ಹೋದದ್ದು ದಿನಚರಿ. ಬಳಿಕ ಕೂದಲು ಸುರುಳಿ ಮಾಡುವ ಕರ್ಲರುಗಳು, ಕರವಸ್ತ್ರ, ಶಾಲೆಯ ಪುಸ್ತಕ, ಬಾಚಣಿಗೆ, ಹಳೆಯ ಕಾಗದಗಳು. ಕರ್ಲರು ಬೇಕೇ ಎಂದು ದೊಡ್ಡವರು ಕೇಳಬಹುದು. ಹದಿಮೂರು ವರ್ಷದವರು ಕೇಳುವುದಿಲ್ಲ.

ಅಡಗುತಾಣ ಇದ್ದದ್ದು ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯ 263ನೆಯ ಸಂಖ್ಯೆಯ ಕಟ್ಟಡದಲ್ಲಿ. ಮುಂಭಾಗದಲ್ಲಿ ಓಟೋ ಅವರದೇ ಕಚೇರಿ ಮತ್ತು ಗೋದಾಮು. ಅದರ ಹಿಂಬದಿಯ ಮಹಡಿಗಳಲ್ಲಿ ಇವರ ವಾಸ. ಬಾಗಿಲಿಗೆ ಅಡ್ಡಲಾಗಿ, ತಿರುಗಿಸಬಹುದಾದ ಪುಸ್ತಕದ ಕಪಾಟು. ಒಂದು ವಾರದಲ್ಲಿ ಫಾನ್ ಪೆಲ್ಸ್ ದಂಪತಿ ಮತ್ತು ಅವರ ಮಗ ಪೀಟರ್ ಬಂದು ಸೇರಿದರು. ನವೆಂಬರಿನಲ್ಲಿ ದಂತವೈದ್ಯ ಫ್ರಿಟ್ಸ್ ಫೆಫರ್. ಒಟ್ಟು ಎಂಟು ಜನ. ಹೊರಗಿನಿಂದ ಇವರನ್ನು ಸಾಕಿದವರು ಕಚೇರಿಯ ನಾಲ್ವರು: ವಿಕ್ಟರ್ ಕುಗ್ಲರ್, ಯೋಹಾನೆಸ್ ಕ್ಲೈಮನ್, ಮೀಪ್ ಗೀಸ್, ಬೆಪ್ ವೋಸ್ಕೌಲ್. ಅವರ ಜೊತೆಗೆ ಮೀಪ್ ಅವರ ಪತಿ ಯಾನ್, ಮತ್ತು ಕಪಾಟು ಮಾಡಿದ ಬೆಪ್ ಅವರ ತಂದೆ.

ಅಲ್ಲಿನ ದಿನ ಗಡಿಯಾರಕ್ಕೆ ಕಟ್ಟಿ ಹಾಕಿದ್ದು. ಬೆಳಿಗ್ಗೆ ಎಂಟೂವರೆಗೆ ಗೋದಾಮಿನ ಕೆಲಸಗಾರರು ಬರುವ ಹೊತ್ತಿಗೆ ಮುಖ ತೊಳೆಯುವುದು, ಶೌಚ ಎಲ್ಲ ಮುಗಿದಿರಬೇಕು. ಆಮೇಲೆ ನಲ್ಲಿ ತಿರುಗಿಸುವಂತಿಲ್ಲ, ಬೂಟು ಸದ್ದಾಗುವಂತಿಲ್ಲ, ಕೆಮ್ಮು ಬಂದರೂ ಕಷ್ಟ. ಮಧ್ಯಾಹ್ನ ಕೆಲಸಗಾರರು ಊಟಕ್ಕೆ ಹೋದಾಗ ಒಂದಿಷ್ಟು ಉಸಿರು. ಕಚೇರಿಯವರು ಮೇಲೆ ಬರುತ್ತಾರೆ, ರೇಡಿಯೊ ಹಾಕುತ್ತಾರೆ. ಸಂಜೆ ಐದೂವರೆಯ ನಂತರ ಮತ್ತೆ ಬಿಡುಗಡೆ. ಉಳಿದ ಸಮಯ ಪಾಠ, ಆಲೂಗಡ್ಡೆ ಸುಲಿಯುವುದು, ಓದು, ಜಗಳ. ವಾರಕ್ಕೊಮ್ಮೆ ತಗಡಿನ ತೊಟ್ಟಿಯಲ್ಲಿ ಸ್ನಾನ. ಯಾರು ಎಲ್ಲಿ ಸ್ನಾನ ಮಾಡಬೇಕು ಎಂಬುದೇ ಒಂದು ದೊಡ್ಡ ವಿಷಯ. ಅಕ್ಕತಂಗಿಯರು ಶನಿವಾರ ಮಧ್ಯಾಹ್ನ ಮುಂಭಾಗದ ಕಚೇರಿಯನ್ನು ಆರಿಸಿಕೊಂಡರು. ಪರದೆ ಎಳೆದು, ಅರೆಗತ್ತಲಲ್ಲಿ ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಪರದೆಯ ಸಂದಿಯಿಂದ ಬೀದಿಯ ಜನರನ್ನು ನೋಡುತ್ತ ನಿಂತಿರುತ್ತಿದ್ದಳು.

ಅಡಗಿ ಮೂರು ತಿಂಗಳಾಗಿತ್ತು. 1942ರ ಅಕ್ಟೋಬರ್ 7ರಂದು ಆನ್ ಒಂದು ಕಲ್ಪನೆ ಮಾಡಿಕೊಂಡಳು. ತಾನು ಹೇಗೋ ಸ್ವಿಟ್ಜರ್‌ಲೆಂಡಿಗೆ, ಅತ್ತೆಯ ಮನೆಗೆ ಹೋಗಿ ಸೇರಿದ್ದೇನೆ. ಅಲ್ಲಿ ತನಗಾಗಿ ಒಂದು ಕೋಣೆ ಸಜ್ಜಾಗಿದೆ, ಟೀ ಮೇಜು, ಬರೆಯುವ ಮೇಜು, ಆರಾಮಕುರ್ಚಿಗಳಿವೆ. ಅಪ್ಪ ಕೈಗೆ 150 ಗಿಲ್ಡರ್ ಕೊಟ್ಟು, ನಿನಗೆ ಬೇಕಾದ್ದೆಲ್ಲ ತೆಗೆದುಕೋ ಎನ್ನುತ್ತಾರೆ. ಗಿಲ್ಡರ್ ಎಂದರೆ ಡಚ್ಚರ ಆಗಿನ ಹಣ. ಅತ್ತೆಯ ಮಗ ಬೆರ್ಂಡ್‌ನನ್ನು ಕರೆದುಕೊಂಡು ಅವಳು ಅಂಗಡಿಗೆ ಹೊರಡುತ್ತಾಳೆ.

ಆಮೇಲೆ ಬರುವುದು ಪಟ್ಟಿ. ಹತ್ತಿಯ ಒಳಅಂಗಿ ಮೂರು, ಉಣ್ಣೆಯವು ಮೂರು. ಪೈಜಾಮ ಐದು. ಬೇಸಿಗೆಗೊಂದು, ಚಳಿಗಾಲಕ್ಕೊಂದು ನಿಲುವಂಗಿ. ಪುಟ್ಟ ದಿಂಬು ಒಂದು. ಶಾಲೆಗೆ ಬೇರೆ ಶೂ, ಸಮಾರಂಭಕ್ಕೆ ಬೇರೆ ಶೂ, ಅದರಲ್ಲೂ ಬೇಸಿಗೆಯದು ಬೇರೆ, ಚಳಿಗಾಲದ್ದು ಬೇರೆ. ಕರವಸ್ತ್ರ ಇಪ್ಪತ್ತೈದು, ಒಂದಕ್ಕೆ ಐದು ಸೆಂಟಿನಂತೆ. ಹೆಣೆಯಲು ಬಿಳಿ, ನೀಲಿ, ಬಣ್ಣಬಣ್ಣದ ಉಣ್ಣೆಯ ಲಡಿಗಳು. ಯಾವ ಬಣ್ಣದಲ್ಲಿ ಟೋಪಿ, ಯಾವುದರಲ್ಲಿ ಸ್ವೆಟರ್ ಎಂಬುದೂ ನಿಗದಿ. ಶಾಲೆಯ ಫ್ರಾಕುಗಳು, ಕೋಟು, ಹ್ಯಾಟು. ಕೂಡಿಸಿದರೆ 108 ಗಿಲ್ಡರ್. ಕನ್ನಡದಲ್ಲಿ ಲೆಕ್ಕವಿಲ್ಲದ ಆಸೆಗೆ ನೂರೆಂಟು ಆಸೆ ಎನ್ನುವುದುಂಟು. ಇವಳದು ಲೆಕ್ಕ ಹಾಕಿಯೇ ನೂರೆಂಟಾಯಿತು. ಉಳಿದ ಹಣದಲ್ಲಿ ಕೈಚೀಲಗಳು, ಪೌಡರು, ಲಿಪ್‌ಸ್ಟಿಕ್, ಹುಬ್ಬು ತೀಡುವ ಕಡ್ಡಿ, ಸೋಪು, ಸುಗಂಧ ಎಲ್ಲ ಜೋಡಿಸಿಟ್ಟ ಒಂದು ಪೆಟ್ಟಿಗೆ, ಪುಸ್ತಕ, ಇತರರಿಗೆ ಕೊಡಲು ಉಡುಗೊರೆ. ಮತ್ತು ಸ್ಕೇಟಿಂಗಿನ ಉಡುಪು ಒಂದು, ಸ್ಕೇಟು ಒಂದು ಜೊತೆ.

ಮೇಲುನೋಟಕ್ಕೆ ಇದು ಶೋಕಿ. ಆದರೆ ಜೂನ್ 20ರ ಆಜ್ಞೆಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಬಣ್ಣ ಬರುತ್ತದೆ. ಆಟದ ಅಂಗಳಕ್ಕೆ ಕಾಲಿಡಬೇಡ ಎಂದಿದ್ದರು, ಇವಳು ಸ್ಕೇಟು ಕೊಳ್ಳುತ್ತಾಳೆ. ಮೂರರಿಂದ ಐದರೊಳಗೆ ಅಂಗಡಿ ಮುಗಿಸು ಎಂದಿದ್ದರು, ಇವಳು ಹೊತ್ತಿನ ಹಂಗಿಲ್ಲದೆ ಪೇಟೆ ಸುತ್ತುತ್ತಾಳೆ. ತನ್ನ ಶಾಲೆಯಿಂದ ಬಿಡಿಸಿದ್ದರು, ಈಗ ಅಡಗುತಾಣದಲ್ಲಿ ಶಾಲೆಯೇ ಇಲ್ಲ, ಇವಳು ಶಾಲೆಗೆಂದೇ ಎರಡು ಋತುವಿನ ಫ್ರಾಕು, ಶೂ ತೆಗೆದಿಡುತ್ತಾಳೆ. ಅತಿಥಿಗಳು ಬರುವಂತಿರಲಿಲ್ಲ, ಇವಳು ಟೀ ಮೇಜು ಹಾಕುತ್ತಾಳೆ. ಕಸಿದುಕೊಂಡದ್ದನ್ನೆಲ್ಲ ಒಂದೊಂದಾಗಿ, ಬೆಲೆ ಸಮೇತ, ಹಿಂದಕ್ಕೆ ಬರೆದುಕೊಂಡಂತಿದೆ. ಅವಳಿಗೆ ಹಾಗೆಂದು ಗೊತ್ತಿತ್ತೇ? ಗೊತ್ತಿರಬೇಕಾಗಿಲ್ಲ. ಆಸೆ ಹುಟ್ಟುವುದು ಇಲ್ಲದ ಕಡೆಯಲ್ಲೇ.

ಅವಳು ಹಾಕಿದ ಬೆಲೆಗಳು ಮಾತ್ರ ಕಲ್ಪನೆಯ ಬೆಲೆಗಳು. ಪಟ್ಟಿಯಲ್ಲಿ ಸಮಾರಂಭದ ಶೂಗೆ ಎರಡು-ಮೂರು ಗಿಲ್ಡರ್. 1943ರ ಆಗಸ್ಟಿನಲ್ಲಿ ಮೀಪ್ ನಿಜಕ್ಕೂ ಅವಳಿಗೆ ಒಂದು ಜೊತೆ ಶೂ ಹುಡುಕಿ ತಂದರು. ಕಡುಗೆಂಪು ಬಣ್ಣದ್ದು, ಸ್ವಲ್ಪ ಎತ್ತರದ ಹಿಮ್ಮಡಿಯದು. ಅದರ ಬೆಲೆ 27.50 ಗಿಲ್ಡರ್. ಯುದ್ಧಕಾಲದ ಅಭಾವ ಏನೆಂಬುದು ಈ ಎರಡು ಅಂಕಿಗಳ ನಡುವೆ ಇದೆ. ಶೂ ತೊಟ್ಟು ಅವಳು ಮನೆಯೊಳಗೇ, ಮರಗಾಲು ಕಟ್ಟಿಕೊಂಡವಳಂತೆ ಓಡಾಡಿದಳು. ಅದನ್ನು ತೊಟ್ಟು ಹೋಗಲು ಬೇರೆ ಜಾಗವಿರಲಿಲ್ಲ.

ಇನ್ನೊಂದು ಸಂಗತಿ. ಬಟ್ಟೆ ಬೇಕೆಂದದ್ದು ಬರೀ ಚೆಂದಕ್ಕಲ್ಲ. ಅವಳು ಬೆಳೆಯುತ್ತಿದ್ದಳು. ಮಕ್ಕಳ ಎತ್ತರವನ್ನು ಓಟೋ ಗೋಡೆಯ ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಆ ಗೆರೆಗಳು ಈಗಲೂ ಇವೆ. ಅಡಗಿದ್ದ ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದಳು. 1943ರ ಮೇ ತಿಂಗಳಲ್ಲಿ, ತನ್ನ ಒಳಅಂಗಿ ಹೊಟ್ಟೆಯನ್ನೂ ಮುಚ್ಚುವುದಿಲ್ಲ ಎಂದು ದಿನಚರಿಯಲ್ಲಿ ದೂರಿದ್ದಾಳೆ. ಪಟ್ಟಿಯ ಮೊದಲ ಸಾಲು ಒಳಅಂಗಿ ಎಂಬುದನ್ನು ನೆನೆಯಬೇಕು.

ಎರಡನೆಯ ಮುಖ್ಯ ಪಟ್ಟಿ 1943ರ ಜುಲೈ 23ರದು. ಬಿಡುಗಡೆಯಾದ ಕೂಡಲೇ ಮೊದಲು ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ಮಾರ್ಗೋ ಮತ್ತು ಹರ್ಮನ್ ಫಾನ್ ಪೆಲ್ಸ್ ಇಬ್ಬರಿಗೂ ಬೇಕಾದದ್ದು ತೊಟ್ಟಿ ತುಂಬ ಬಿಸಿನೀರಿನ ಸ್ನಾನ, ಅರ್ಧ ಗಂಟೆಗೂ ಹೆಚ್ಚು. ಶ್ರೀಮತಿ ಫಾನ್ ಪೆಲ್ಸ್‌ಗೆ ಕೇಕು. ಫೆಫರ್ ಅವರಿಗೆ ತಮ್ಮ ಷಾರ್ಲೊಟೆಯನ್ನು ಕಾಣುವುದು ಬಿಟ್ಟು ಬೇರೆ ಯೋಚನೆಯೇ ಇಲ್ಲ. ಈಡಿತ್ ಅವರಿಗೆ ಒಂದು ಲೋಟ ನಿಜವಾದ ಕಾಫಿ. ಪೀಟರ್‌ಗೆ ಪೇಟೆ, ಸಿನಿಮಾ. ಓಟೋ ಮಾತ್ರ ತಮಗಾಗಿ ಏನೂ ಕೇಳಲಿಲ್ಲ; ಕ್ಯಾನ್ಸರಿನಿಂದ ಮಲಗಿದ್ದ ಬೆಪ್ ಅವರ ತಂದೆಯನ್ನು ನೋಡಿ ಬರಬೇಕು ಎಂದರು. ಎಲ್ಲರದನ್ನೂ ಬರೆದ ಆನ್, ತನಗೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುತ್ತಿಲ್ಲ ಎಂದಳು. ಒಂದು ಮನೆ, ಅಡೆತಡೆಯಿಲ್ಲದ ಓಡಾಟ, ಪಾಠಕ್ಕೆ ಯಾರಾದರೂ ಸಹಾಯ, ಅಂದರೆ ಶಾಲೆ. ಹಿಂದಿನ ವರ್ಷ ಅಷ್ಟುದ್ದ ಪಟ್ಟಿ ಬರೆದವಳ ಆಸೆ ಇಲ್ಲಿ ಎಷ್ಟು ಸಣ್ಣದಾಗಿದೆ, ಅಥವಾ ಎಷ್ಟು ದೊಡ್ಡದಾಗಿದೆ, ಎರಡು ರೀತಿಯಲ್ಲೂ ಓದಬಹುದು.

ಇನ್ನು ಹಬ್ಬಗಳು. ಡಚ್ಚರಿಗೆ ಡಿಸೆಂಬರ್ 5ರ ಸಂಜೆ ಸಂತ ನಿಕೋಲಾಸ್ ಹಬ್ಬ. ಉಡುಗೊರೆ ಕೊಡುವ ಹಬ್ಬವೆಂದರೆ ಅವರಿಗೆ ಕ್ರಿಸ್‌ಮಸ್‌ಗಿಂತ ಇದೇ ಮುಖ್ಯ. ಮಕ್ಕಳು ಶೂ ಹೊರಗಿಟ್ಟು ಮಲಗುತ್ತಾರೆ, ಅದರಲ್ಲಿ ಸಿಹಿ ಬಂದಿರುತ್ತದೆ. ದೊಡ್ಡವರು ಒಬ್ಬರಿಗೊಬ್ಬರು ಕೊಡುವ ಉಡುಗೊರೆಗೆ ತಮಾಷೆಯ ಪದ್ಯವೊಂದನ್ನು ಕಟ್ಟಿ ಲಗತ್ತಿಸುತ್ತಾರೆ. ಯಹೂದಿಗಳ ಹನುಕ್ಕಾ ಎಂಟು ದಿನಗಳ ದೀಪದ ಹಬ್ಬ. ಎರಡು ಸಾವಿರ ವರ್ಷಗಳ ಹಿಂದೆ ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು ಶುದ್ಧಗೊಳಿಸಿದ ನೆನಪಿನದು. 1942ರಲ್ಲಿ ಎರಡೂ ಒಂದೇ ದಿನದ ಅಂತರದಲ್ಲಿ ಬಂದವು.

ಹನುಕ್ಕಾ ಚಿಕ್ಕದಾಗಿ ನಡೆಯಿತು. ಹರ್ಮನ್ ಫಾನ್ ಪೆಲ್ಸ್ ಮರದಲ್ಲಿ ದೀಪದ ಕಂಬ ಮಾಡಿದ್ದರು. ಮೇಣದಬತ್ತಿಯ ಅಭಾವ, ಆದ್ದರಿಂದ ಹತ್ತೇ ನಿಮಿಷ ಉರಿಸಿ ಆರಿಸಿದರು, ಹಾಡು ಹಾಡಿದರು. ಸಂತ ನಿಕೋಲಾಸ್ ಸಂಜೆ ಮಾತ್ರ ಗುಟ್ಟಿನ ಸಂಭ್ರಮ. ಮೀಪ್ ಮತ್ತು ಬೆಪ್ ಓಟೋ ಅವರೊಡನೆ ಏನೋ ಪಿಸುಗುಡುತ್ತಿದ್ದರು. ರಾತ್ರಿ ಎಂಟಕ್ಕೆ ಎಲ್ಲರೂ ಕತ್ತಲೆಯ ಮೆಟ್ಟಿಲಿಳಿದು ಕೆಳಗಿನ ಒಂದು ಕಿಟಕಿಯಿಲ್ಲದ ಕೋಣೆಗೆ ಹೋದರು. ಕಿಟಕಿಯಿಲ್ಲದ್ದರಿಂದ ಅಲ್ಲಿ ದೀಪ ಹಾಕಬಹುದಿತ್ತು. ಬಣ್ಣದ ಕಾಗದ ಸುತ್ತಿದ ದೊಡ್ಡ ಬುಟ್ಟಿ ಕಾದಿತ್ತು. ಒಬ್ಬೊಬ್ಬರಿಗೂ ಒಂದು ಉಡುಗೊರೆ, ಒಂದು ಪದ್ಯ. ಆನ್‌ಗೆ ಗೊಂಬೆ, ಓಟೋಗೆ ಪುಸ್ತಕಗಳಿಗೆ ಒರಗಿಸುವ ಆನಿಕೆ. ಎಂಟು ಜನರಲ್ಲಿ ಯಾರೂ ಅದುವರೆಗೆ ಆ ಹಬ್ಬ ಆಚರಿಸಿದವರಲ್ಲ. ನಗರದ ಬೀದಿಯಲ್ಲಿ ಕಾಲಿಡಲು ಅನುಮತಿಯಿಲ್ಲದ ಕಾಲದಲ್ಲಿ, ಆ ನಗರದ ಹಬ್ಬ ಅವರಿಗೆ ಮೊದಲ ಬಾರಿಗೆ ದಕ್ಕಿತು.

ಮರುವರ್ಷ, 1943ರಲ್ಲಿ, ಬುಟ್ಟಿಯ ನಿರೀಕ್ಷೆ ಇರಲಿಲ್ಲ. ಕೊಳ್ಳಲು ಏನೂ ಸಿಗುತ್ತಿರಲಿಲ್ಲ. ಹಬ್ಬ ತಪ್ಪಿಹೋಗಬಾರದೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಆನ್. ಅಪ್ಪನೊಂದಿಗೆ ಕೂತು ಒಬ್ಬೊಬ್ಬರ ಮೇಲೂ ಪದ್ಯ ಕಟ್ಟಿದಳು. ಭಾನುವಾರ ರಾತ್ರಿ ಏಳೂ ಮುಕ್ಕಾಲಿಗೆ ಅಪ್ಪ-ಮಗಳು ದೊಡ್ಡ ಬಟ್ಟೆಬುಟ್ಟಿಯನ್ನು ಹೊತ್ತು ಮಹಡಿ ಹತ್ತಿದರು. ಅಲಂಕಾರಕ್ಕೆ ಕಾಗದದ ಗೊಂಬೆಗಳು, ಕಚೇರಿಯ ಗುಲಾಬಿ ಮತ್ತು ನೀಲಿ ಕಾರ್ಬನ್ ಕಾಗದದ ಕುಚ್ಚುಗಳು. ಮೇಲಿನ ಕಂದು ಕಾಗದ ತೆಗೆದರೆ ಒಳಗೆ ಎಲ್ಲರದೂ ಒಂದೊಂದು ಶೂ. ಅವರವರ ಶೂ ಅವರವರಿಗೇ, ಒಳಗೊಂದು ಪದ್ಯ ಮಡಿಸಿಟ್ಟದ್ದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಉಡುಗೊರೆಯೇ ಇಲ್ಲದ ಉಡುಗೊರೆಯ ಹಬ್ಬವನ್ನು ನಡೆಸಿ ತೋರಿಸಿದ ಈ ಸಂಜೆ, ಆ ಎರಡು ವರ್ಷಗಳಲ್ಲೇ ಅವಳ ಅತ್ಯುತ್ತಮ ಕೆಲಸಗಳಲ್ಲೊಂದು.

ಅದೇ ತಿಂಗಳು ಅವಳಿಗೆ ಜೀವನದಲ್ಲಿ ಮೊದಲ ಬಾರಿಗೆ ಕ್ರಿಸ್‌ಮಸ್ ಉಡುಗೊರೆ ಸಿಕ್ಕಿತು. ಮೀಪ್ ಒಂದು ಕೇಕು ಮಾಡಿ ಅದರ ಮೇಲೆ 'ಶಾಂತಿ 1944' ಎಂದು ಬರೆದಿದ್ದರು. ಬೆಪ್ ಬಿಸ್ಕತ್ತು ತಂದರು. ಮೂವರು ಮಕ್ಕಳಿಗೆ ಮೊಸರು, ದೊಡ್ಡವರಿಗೆ ಒಂದೊಂದು ಬಾಟಲಿ ಬಿಯರ್. ಆನ್ ಬರಿಗೈಲಿರಲಿಲ್ಲ. ಎರಡು ತಿಂಗಳಿಂದ ಬೆಳಗಿನ ಗಂಜಿಗೆ ಹಾಕುವ ಸಕ್ಕರೆಯನ್ನು ತಿನ್ನದೆ ಉಳಿಸಿದ್ದಳು. ಕ್ಲೈಮನ್ ಅವರ ನೆರವಿನಿಂದ ಅದನ್ನು ಮಿಠಾಯಿ ಮಾಡಿಸಿ ಮೀಪ್ ಮತ್ತು ಬೆಪ್ ಅವರಿಗೆ ಕೊಡುವ ಏರ್ಪಾಟು ಅವಳದು.

ಈ ಕೇಕು, ಶೂ, ಮೊಸರುಗಳ ಹಿಂದೆ ಇನ್ನೊಂದು ಲೆಕ್ಕವಿದೆ. ಆಗ ಎಲ್ಲವೂ ಪಡಿತರ ಚೀಟಿಯ ಮೇಲೆ. ಅಡಗಿದವರಿಗೆ ಚೀಟಿ ಇಲ್ಲ. ಪ್ರತಿರೋಧ ಚಳವಳಿಯ ಸಂಪರ್ಕವಿದ್ದ ಯಾನ್ ಗೀಸ್ ಚೀಟಿಗಳನ್ನು ಹೊಂದಿಸುತ್ತಿದ್ದರು. ಮೀಪ್ ಮತ್ತು ಬೆಪ್ ಅನುಮಾನ ಬಾರದಂತೆ ಅಂಗಡಿ ತಿರುಗುತ್ತಿದ್ದರು. ಯಹೂದಿಗಳನ್ನು ಬಚ್ಚಿಟ್ಟವರಿಗೂ ಶಿಬಿರ ತಪ್ಪಿದ್ದಲ್ಲ. ಮುಂದೆ ಕುಗ್ಲರ್ ಮತ್ತು ಕ್ಲೈಮನ್ ಇಬ್ಬರನ್ನೂ ಹಿಡಿದು ಶಿಬಿರಕ್ಕೆ ಹಾಕಿದರು. ಅಂಥ ದಿನಗಳಲ್ಲಿ ಕುಗ್ಲರ್ ಪ್ರತಿ ಸೋಮವಾರ ಒಂದು ಸಿನಿಮಾ ಪತ್ರಿಕೆಯನ್ನು ಮರೆಯದೆ ತಂದು ಆನ್ ಕೈಗಿಡುತ್ತಿದ್ದರು. ಜೀವ ಉಳಿಸಲು ಸಿನಿಮಾ ಪತ್ರಿಕೆ ಬೇಕಾಗಿರಲಿಲ್ಲ. ತಂದರು.

1944ರ ಮಾರ್ಚ್ 28ರಂದು, ಲಂಡನ್ನಿನಿಂದ ಬರುತ್ತಿದ್ದ ಡಚ್ ರೇಡಿಯೊದಲ್ಲಿ ಮಂತ್ರಿ ಬೊಲ್ಕೆಸ್ಟೈನ್, ಯುದ್ಧಕಾಲದ ಪತ್ರಗಳನ್ನೂ ದಿನಚರಿಗಳನ್ನೂ ಮುಂದೆ ಸಂಗ್ರಹಿಸಬೇಕು ಎಂದರು. ಆನ್ ತನ್ನ ದಿನಚರಿಯನ್ನೇ ಪುಸ್ತಕ ಮಾಡಲು ಹೊರಟಳು. ಮೇ 20ರಿಂದ ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿ ಹತ್ತೇ ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆ ತುಂಬಿದಳು. ಪತ್ರಕರ್ತೆಯಾಗಬೇಕು, ಬಳಿಕ ಹೆಸರಾಂತ ಲೇಖಕಿಯಾಗಬೇಕು ಎಂಬುದು ಈಗ ದೊಡ್ಡ ಆಸೆ. ಇಲ್ಲಿಗೆ ಬಂದಾಗ ಬಹಳಷ್ಟು ವ್ಯಾಖ್ಯಾನಕಾರರು ಸಮಾಧಾನದ ಉಸಿರು ಬಿಡುತ್ತಾರೆ: ಫ್ರಾಕು, ಲಿಪ್‌ಸ್ಟಿಕ್ ಬಿಟ್ಟು ಹುಡುಗಿ ಕೊನೆಗೂ ಗಂಭೀರಳಾದಳು ಎಂದು. ಪುಸ್ತಕ ಹಾಗೆ ಹೇಳುವುದಿಲ್ಲ. ಅದೇ ಮೇ ತಿಂಗಳ ಇನ್ನೊಂದು ಪುಟದಲ್ಲಿ, ಪ್ಯಾರಿಸಿನಲ್ಲಿ ಒಂದು ವರ್ಷ, ಲಂಡನ್ನಿನಲ್ಲಿ ಒಂದು ವರ್ಷ ಇದ್ದು ಭಾಷೆಯನ್ನೂ ಕಲೆಯ ಇತಿಹಾಸವನ್ನೂ ಓದಬೇಕು ಎನ್ನುವ ಅವಳೇ, ಸೊಗಸಾದ ಉಡುಪುಗಳ ಕನಸು ತನಗಿನ್ನೂ ಇದೆ ಎಂದೂ ಒಪ್ಪಿಕೊಳ್ಳುತ್ತಾಳೆ. ಏಪ್ರಿಲ್ 6ರಂದು ತನ್ನ ಹವ್ಯಾಸಗಳ ಪಟ್ಟಿ ಕೊಟ್ಟಾಗ ಬರವಣಿಗೆ, ರಾಜಮನೆತನಗಳ ವಂಶಾವಳಿ, ಇತಿಹಾಸ, ಗ್ರೀಕ್ ಪುರಾಣಗಳ ಸಾಲಿನಲ್ಲೇ ಚಿತ್ರತಾರೆಯರೂ ಇದ್ದಾರೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

ಹದಿನೈದನೆಯ ಹುಟ್ಟುಹಬ್ಬ ಜೂನ್ 12ರಂದು ಬಂತು. ಆರು ದಿನ ಮೊದಲು ಮಿತ್ರಸೇನೆ ನಾರ್ಮಂಡಿಯಲ್ಲಿ ಇಳಿದಿತ್ತು, ಮನೆಯವರೆಲ್ಲ ಉತ್ಸಾಹದಲ್ಲಿದ್ದರು. ಐದು ಸಂಪುಟಗಳ ಕಲಾ ಇತಿಹಾಸ, ಒಂದು ಜೊತೆ ಒಳಉಡುಪು, ಜಾಮ್, ಮೊಸರು. ಕುಗ್ಲರ್ ಅವರಿಂದ ರಾಣಿ ಮರಿಯಾ ತೆರೇಸಾ ಕುರಿತ ಪುಸ್ತಕ ಮತ್ತು ಮೂರು ತುಂಡು ಗಿಣ್ಣು. ಪೀಟರ್‌ನಿಂದ ಒಂದು ಹೂಗುಚ್ಛ. ಕಲಾ ಇತಿಹಾಸವೂ ಒಳಉಡುಪೂ ಒಂದೇ ಮೇಜಿನ ಮೇಲೆ, ಎರಡೂ ಸಮಾನ ಸಂತೋಷದಿಂದ ಬರೆದದ್ದು.

ಆಗಸ್ಟ್ 4ರಂದು ಪೊಲೀಸರು ಬಂದರು. ಬೆಲೆಬಾಳುವ ವಸ್ತುಗಳನ್ನು ತುಂಬಿಕೊಳ್ಳಲು ಅಧಿಕಾರಿ ಒಂದು ಚರ್ಮದ ಚೀಲ ಎತ್ತಿಕೊಂಡು, ಒಳಗಿದ್ದ ಕಾಗದಗಳನ್ನು ನೆಲಕ್ಕೆ ಸುರಿದ. ಆ ಕಾಗದಗಳೇ ದಿನಚರಿ. ಮೀಪ್ ಮತ್ತು ಬೆಪ್ ಆಯ್ದು ತಂದರು. ಆನ್ ಬಂದಾಗ ಕೊಡೋಣವೆಂದು ಮೀಪ್ ಅವನ್ನು ಓದದೆ ಮೇಜಿನ ಖಾನೆಯಲ್ಲಿಟ್ಟರು.

ಎಂಟು ಜನರನ್ನು ಮೊದಲು ವೆಸ್ಟರ್‌ಬೋರ್ಕ್ ಶಿಬಿರಕ್ಕೆ, ಸೆಪ್ಟೆಂಬರ್ 3ರಂದು ಅಲ್ಲಿಂದ ಆಷ್‌ವಿಟ್ಸ್‌ಗೆ ಹೊರಟ ಕೊನೆಯ ರೈಲಿನಲ್ಲಿ ಕಳಿಸಲಾಯಿತು. ಅಕ್ಕತಂಗಿಯರನ್ನು ತಾಯಿಯಿಂದ ಬೇರ್ಪಡಿಸಿ ಬೆರ್ಗೆನ್-ಬೆಲ್ಸೆನ್‌ಗೆ ಸಾಗಿಸಿದರು. ಅಲ್ಲಿನ ದಿನಗಳ ಬಗ್ಗೆ ಬದುಕುಳಿದವರು ಹೇಳಿದ್ದಷ್ಟೇ ಗೊತ್ತಿರುವುದು. ಯುದ್ಧದ ನಂತರ ಲಿನ್ ಜಾಲ್ಡಾಟಿ ಎಂಬ ಹೆಸರಿನಲ್ಲಿ ಗಾಯಕಿಯಾಗಿ ಪ್ರಸಿದ್ಧರಾದವರು ಮತ್ತು ಅವರ ತಂಗಿ ಯಾನಿ ಬ್ರಿಲೆಸ್ಲೈಪರ್, ಇಬ್ಬರೂ ಫ್ರಾಂಕ್ ಸೋದರಿಯರ ಜೊತೆಗಿದ್ದವರು. 1944ರ ಡಿಸೆಂಬರಿನಲ್ಲಿ ಆ ಹೆಂಗಸರು ಸಂತ ನಿಕೋಲಾಸ್, ಹನುಕ್ಕಾ, ಕ್ರಿಸ್‌ಮಸ್ ಮೂರನ್ನೂ ಒಟ್ಟಿಗೆ ಆಚರಿಸಿದರು. ಸಿಗುತ್ತಿದ್ದ ಚೂರು ಬ್ರೆಡ್ಡಿನಲ್ಲೇ ಉಳಿಸಿ ಕೂಡಿಟ್ಟರು. ಮೆಲ್ಲಗೆ ಹಾಡಿದರು. ಆಮ್‌ಸ್ಟರ್‌ಡಾಮ್‌ಗೆ ಮರಳಿದ ಮೇಲೆ ಅಲ್ಲಿನ ಅತಿ ದುಬಾರಿ ಹೋಟೆಲೊಂದರಲ್ಲಿ ಔತಣ ಮಾಡಬೇಕೆಂದು ಯೋಜನೆ ಹಾಕಿದರು.

ಬಾಲ್ಯದ ಗೆಳತಿ ಹನಾ ಗೋಸ್ಲರ್ ಅದೇ ಶಿಬಿರದ ಇನ್ನೊಂದು ವಿಭಾಗದಲ್ಲಿದ್ದಳು. ನಡುವೆ ಹುಲ್ಲು ತುಂಬಿದ ತಂತಿ ಬೇಲಿ. 1945ರ ಆರಂಭದಲ್ಲಿ, ಕತ್ತಲಲ್ಲಿ, ಮುಖ ಕಾಣದೆ ಇಬ್ಬರೂ ಮಾತಾಡಿದರು. ತನ್ನ ಬಳಿ ಏನೂ ಇಲ್ಲ ಎಂದಳು ಆನ್. ಹನಾ ತನ್ನವರಿಂದ ಒಂದಿಷ್ಟು ತಿನಿಸು, ಬಟ್ಟೆ ಕೂಡಿಸಿ ಪೊಟ್ಟಣ ಕಟ್ಟಿ ಬೇಲಿಯ ಮೇಲಿಂದ ಎಸೆದಳು. ಆಚೆ ಇದ್ದ ಇನ್ನೊಬ್ಬ ಹೆಂಗಸು ಅದನ್ನು ಕಸಿದುಕೊಂಡು ಓಡಿದಳು. ಆನ್ ಅಳುವುದು ಕೇಳಿಸಿತು. ಮತ್ತೊಂದು ರಾತ್ರಿ ಎಸೆದ ಪೊಟ್ಟಣ ಅವಳ ಕೈ ಸೇರಿತು. ಹನಾ ಬದುಕುಳಿದರು, 2022ರಲ್ಲಿ ತೀರಿಕೊಂಡರು. ಮಾರ್ಗೋ, ಆಮೇಲೆ ಆನ್, ಟೈಫಸ್ ಜ್ವರದಿಂದ ಸತ್ತರು. ಮಾರ್ಚ್ ಎಂದು ಬಹುಕಾಲ ನಂಬಲಾಗಿತ್ತು; 2015ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಬಹುಶಃ ಫೆಬ್ರುವರಿ. ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಶಿಬಿರ ತಲುಪಿತು.

ಎಂಟು ಜನರಲ್ಲಿ ಉಳಿದವರು ಓಟೋ ಒಬ್ಬರೇ. ಮಗಳ ಸಾವು ಖಚಿತವಾದ ದಿನ ಮೀಪ್ ಖಾನೆಯಿಂದ ಕಾಗದಗಳನ್ನು ತೆಗೆದು ಅವರ ಕೈಗಿಟ್ಟರು. 1947ರ ಜೂನ್ 25ರಂದು ಪುಸ್ತಕ ಬಂತು, ಸಂಕ್ಷಿಪ್ತವಾಗಿ. ಆನ್ ಬರೆದದ್ದರ ಬಹುಪಾಲು ಓದುಗರಿಗೆ ದೊರಕಲು 1986ರ ಸಮಗ್ರ ಆವೃತ್ತಿಯವರೆಗೆ ಕಾಯಬೇಕಾಯಿತು. ಸ್ಕೇಟು ಕೊಳ್ಳಲು ಜೊತೆಗೆ ಬರಬೇಕಾಗಿದ್ದ ಬೆರ್ಂಡ್ ಎಲಿಯಾಸ್ ಯುದ್ಧದ ನಂತರ 'ಹಾಲಿಡೇ ಆನ್ ಐಸ್' ಎಂಬ ತಂಡದಲ್ಲಿ ಸ್ಕೇಟಿಂಗ್ ವಿದೂಷಕನಾಗಿ ದೇಶ ಸುತ್ತಿದರು, 2015ರಲ್ಲಿ ನಿಧನರಾದರು.

ಅಡಗುತಾಣ 1960ರಿಂದ ವಸ್ತುಸಂಗ್ರಹಾಲಯ. ಬಂಧನದ ನಂತರ ಜರ್ಮನ್ನರ ಆಜ್ಞೆಯಂತೆ ಅಲ್ಲಿನ ಪೀಠೋಪಕರಣಗಳನ್ನೆಲ್ಲ ಸಾಗಿಸಿದ್ದರು; ಕೋಣೆಗಳನ್ನು ಹಾಗೆಯೇ ಖಾಲಿ ಬಿಡಬೇಕೆಂದು ಓಟೋ ಬಯಸಿದರು. ಆದರೆ ಆನ್ ಬಂದ ಮೊದಲ ದಿನಗಳಲ್ಲಿ ಗೋಡೆಗೆ ಅಂಟಿಸಿದ ಚಿತ್ರಗಳನ್ನು ಯಾರೂ ಕೀಳಲಿಲ್ಲ. ಗ್ರೇಟಾ ಗಾರ್ಬೋ, ಜಿಂಜರ್ ರೋಜರ್ಸ್, ಇಂಗ್ಲೆಂಡಿನ ಪುಟ್ಟ ರಾಜಕುಮಾರಿಯರಾದ ಎಲಿಜಬೆತ್ ಮತ್ತು ಮಾರ್ಗರೆಟ್, ಮೇಜಿನ ಸುತ್ತ ಕೂತು ಟೀ ಕುಡಿಯುತ್ತಿರುವ ಚಿಂಪಾಂಜಿಗಳು. ಗಾಜಿನ ಹಿಂದೆ ಅವು ಅಲ್ಲೇ ಇವೆ.